ಬೀಗ ಗಟ್ಟಿ, ಚೌಕಟ್ಟು ಸಡಿಲ: ಪುಣೆಯ ಒಂದು ಮನೆಬಾಗಿಲಿನ ಪ್ರಕರಣ

ಇದು ಪುಣೆಯ ಸಿಂಹಗಡ ರಸ್ತೆಯ ಕಡೆ ಇರುವ ಒಂದು ಹೌಸಿಂಗ್ ಸೊಸೈಟಿಯಲ್ಲಿ ನಡೆದದ್ದು. ಮನೆಯವರ ಹೆಸರು, ಕಟ್ಟಡದ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಕುಟುಂಬದ ಒಂದೆರಡು ವಿವರ ಬದಲಿಸಿದ್ದೇನೆ. ಬಾಗಿಲು, ಚೌಕಟ್ಟು, ಗೋಡೆಗೆ ಸಂಬಂಧಪಟ್ಟದ್ದು ಮಾತ್ರ ಇದ್ದ ಹಾಗೇ ಇದೆ. ನಾನು ಈ ಊರಿನಲ್ಲಿ ಹಳೇ ಕಟ್ಟಡಗಳ ರಿಪೇರಿ ಕೆಲಸ ಮಾಡಿಸುವವನು. ಕಳ್ಳತನ ಆದ ಮೇಲೆ ಮನೆಯವರು ನನ್ನನ್ನು ಕರೆಸಿದರು.

ಹಿನ್ನೆಲೆ

ಕಟ್ಟಡ 1980ರ ದಶಕದ ಕೊನೆಯದು. ನಾಲ್ಕು ಮಹಡಿ, ಲಿಫ್ಟ್ ಇಲ್ಲ, ಒಂದೊಂದು ಮಹಡಿಗೆ ಎದುರುಬದುರು ಎರಡು ಮನೆ. ಮೂರನೇ ಮಹಡಿಯಲ್ಲಿ ವಿಜಯಪುರ ಕಡೆಯ ಕುಟುಂಬ ಇದೆ. ಯಜಮಾನರಿಗೆ ಎಪ್ಪತ್ತು ದಾಟಿದೆ, ಬಲ ಭುಜ ಮೇಲಕ್ಕೆ ಏಳುವುದಿಲ್ಲ. ಅವರ ಹೆಂಡತಿಯನ್ನು ಇಡೀ ಕಟ್ಟಡ ಅಜ್ಜಿ ಎಂದೇ ಕರೆಯುತ್ತದೆ. ಮಗ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಶಾಲೆಯೊಂದರಲ್ಲಿ ಟೀಚರ್. ನಾಲ್ಕು ವರ್ಷದ ಮೊಮ್ಮಗ.

ಬಾಗಿಲು ಬಿಲ್ಡರ್ ಕೊಟ್ಟಾಗಿನದೇ. ಸುಮಾರು 30 ಮಿಲಿಮೀಟರ್ ದಪ್ಪದ ಫ್ಲಶ್ ಡೋರ್, ಅಂದರೆ ಎರಡೂ ಮೈ ಸಪಾಟಾಗಿರುವ ಬಾಗಿಲು, ಮೇಲೆ ಸನ್‌ಮೈಕಾ. ಒಳಗೆ ನೈಟ್ ಲ್ಯಾಚ್ (ಬಾಗಿಲು ಎಳೆದರೆ ತಾನೇ ಬೀಳುವ, ಹೊರಗಿನಿಂದ ಕೀಲಿಯಿಂದ ತೆರೆಯುವ ಬೀಗ) ಮತ್ತು ಒಂದು ಚಿಲಕ. ಹೊರಗೆ ದೊಡ್ಡ ಆಲ್‌ಡ್ರಾಪ್, ಅಂದರೆ ಬೀಗ ಹಾಕಲು ಕೊಂಡಿ ಇರುವ, ಅಡ್ಡ ಸರಿಸುವ ದಪ್ಪ ಚಿಲಕ. ಊರಿಗೆ ಹೋಗುವಾಗ ಅದಕ್ಕೆ ಹಿತ್ತಾಳೆಯ ಭಾರೀ ಬೀಗ ಜಡಿಯುತ್ತಿದ್ದರು. ಆ ಬೀಗದ ಮೇಲೆ ಯಜಮಾನರಿಗೆ ಬಹಳ ನಂಬಿಕೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಅಂತ ಎಲ್ಲರೂ ವಿಜಯಪುರಕ್ಕೆ ಹೋಗಿದ್ದರು. ಆ ದಿನಗಳಲ್ಲಿ ಒಂದು ರಾತ್ರಿ ಮನೆ ಒಡೆದರು. ಪುಣೆಯ ಮರಾಠಿ ಪತ್ರಿಕೆಗಳಲ್ಲಿ ‘ಕಡಿ ಕೋಯಂಡಾ ತೋಡೂನ್’ (ಚಿಲಕ ಕೊಂಡಿ ಮುರಿದು) ಅಂತ ದಿನವೂ ಓದುತ್ತೇವಲ್ಲ, ಅದೇ ಬಗೆ. ಬಂಗಾರ ಬ್ಯಾಂಕ್ ಲಾಕರಿನಲ್ಲಿತ್ತು, ಪುಣ್ಯ. ಪೂಜೆಯ ಬೆಳ್ಳಿ ಸಾಮಾನು, ಸ್ವಲ್ಪ ನಗದು, ಒಂದು ಲ್ಯಾಪ್‌ಟಾಪ್ ಹೋಯಿತು. ಹಣದ ಲೆಕ್ಕದಲ್ಲಿ ತಡೆದುಕೊಳ್ಳುವಂಥ ನಷ್ಟ. ಆದರೆ ಅಜ್ಜಿಗೆ ಆದ ನಷ್ಟ ಬೇರೆ. "ಬಾಗಲಾ ಹಾಕ್ಕೊಂಡ್ರೂ ನಿದ್ದಿ ಬರವಲ್ದ್ರೀ" ಅಂದರು. ಈ ಕೆಲಸ ನಾನು ಒಪ್ಪಿಕೊಂಡದ್ದು ಆ ಮಾತಿಗಾಗಿ.

ಆ ರಾತ್ರಿ ಇನ್ನೊಂದು ಸಂಗತಿ ನಡೆದಿತ್ತು. ಎದುರು ಮನೆಯವರಿಗೆ ಸದ್ದಿಗೆ ಎಚ್ಚರವಾಗಿದೆ. ಎದ್ದು ಬಂದು ಬಾಗಿಲು ತೆಗೆಯಲು ಹೋದರೆ ಬಾಗಿಲು ಬರುತ್ತಿಲ್ಲ. ಅವರ ಮನೆಯ ಹೊರಗಿನ ಆಲ್‌ಡ್ರಾಪನ್ನು ಕಳ್ಳರು ಮೊದಲೇ ಎಳೆದು ಹಾಕಿದ್ದರು. ಕೆಳಗಿನ ಮನೆಯವರಿಗೆ ಫೋನ್ ಮಾಡಿ, ಅವರು ಹೆದರುತ್ತಾ ಮೇಲೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಏನು ಮುರಿದಿತ್ತು?

ಪಂಚನಾಮೆ ಆಗುವ ತನಕ ಮನೆಯವರು ಏನನ್ನೂ ಮುಟ್ಟಲಿಲ್ಲ, ಬಾಗಿಲಿನ ಫೋಟೋ ಎಲ್ಲ ಕೋನದಿಂದ ತೆಗೆದಿಟ್ಟರು. ಇದು ಒಳ್ಳೇದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮನೆಯೊಳಗಿನ ಕಳ್ಳತನಕ್ಕೆ 305ನೇ ಕಲಂ, ಮನೆ ಒಡೆದು ನುಗ್ಗಿದ್ದಕ್ಕೆ 331ನೇ ಕಲಂ. ಎಫ್‌ಐಆರ್‌ನಲ್ಲಿ ಎರಡೂ ಬಂದವು. ಗೃಹ ಸಾಲದ ಜೊತೆ ಮಾಡಿಸಿದ ವಿಮೆ ಇದೆಯಲ್ಲ, ಅದರಿಂದ ಬರಬಹುದು ಅಂತ ಮಗ ಅಂದುಕೊಂಡಿದ್ದ. ಅದು ಬೆಂಕಿ, ಪ್ರವಾಹ, ಭೂಕಂಪದಂಥದ್ದಕ್ಕೆ ಮಾಡಿದ ಪಾಲಿಸಿ. ಕಳ್ಳತನಕ್ಕೆ ಬೇರೆ ರಕ್ಷಣೆ ಕೊಂಡಿರಬೇಕು, ಅವರು ಕೊಂಡಿರಲಿಲ್ಲ.

ನಾನು ಹೋದಾಗ ಮೊದಲು ಕಂಡದ್ದು ಆ ಹಿತ್ತಾಳೆ ಬೀಗ. ಒಂದು ಗೀರೂ ಇಲ್ಲದೆ, ಆಲ್‌ಡ್ರಾಪಿನ ಕೊಂಡಿ ಸಮೇತ ನೆಲದ ಮೇಲೆ ಬಿದ್ದಿತ್ತು. ಬೀಗ ಮುರಿದಿರಲಿಲ್ಲ, ಅದನ್ನು ಹಿಡಿದಿದ್ದ ಕೊಂಡಿ ಕಿತ್ತು ಬಂದಿತ್ತು. ನೈಟ್ ಲ್ಯಾಚಿನ ಕಥೆಯೂ ಇದೇ. ಲ್ಯಾಚ್ ಬಾಗಿಲಲ್ಲಿ ಭದ್ರವಾಗಿತ್ತು. ಅದರ ನಾಲಗೆ ಹೋಗಿ ಕೂರುವ ಕಬ್ಬಿಣದ ಡಬ್ಬಿ ಮಾತ್ರ ಚೌಕಟ್ಟಿನಿಂದ ಹಾರಿ ಹೋಗಿತ್ತು.

ಆ ಡಬ್ಬಿಯ ಒಂದು ಸ್ಕ್ರೂ ಹೊಸ್ತಿಲ ಸಂದಿಯಲ್ಲಿ ಸಿಕ್ಕಿತು. ಮುಕ್ಕಾಲು ಇಂಚಿನದು. ಎಳೆಗಳ ನಡುವೆ ಮರದ ನಾರು ಇನ್ನೂ ಸುತ್ತಿಕೊಂಡಿತ್ತು. ಸ್ಕ್ರೂ ಬಾಗಿಲ್ಲ, ತುಂಡಾಗಿಲ್ಲ. ಮರವೇ ಬಿಟ್ಟುಕೊಟ್ಟಿದೆ. ಚೌಕಟ್ಟಿನ ಆ ಬದಿಯ ಕಂಬ ಲ್ಯಾಚಿನ ಎತ್ತರದಿಂದ ಕೆಳಗೆ ಉದ್ದಕ್ಕೂ ಸೀಳಿತ್ತು. ಸಂದಿಗೆ ಸಲಾಕೆ ಹಾಕಿ ಒಂದೆರಡು ಸಲ ಮೀಟಿದರೆ ಸಾಕು, ಹೀಗೇ ಆಗುತ್ತದೆ.

ಅಷ್ಟರಲ್ಲಿ ಮಗ ಬೆರಳಚ್ಚಿನಿಂದ ತೆರೆಯುವ ಸ್ಮಾರ್ಟ್ ಲಾಕ್ ಒಂದನ್ನು ಆರ್ಡರ್ ಮಾಡಿಯಾಗಿತ್ತು. ಸಾಕಷ್ಟು ದುಬಾರಿಯದು. ನಾನು ಅವನನ್ನು ಹೊರಗೆ ನಿಲ್ಲಿಸಿ, ಬಾಗಿಲು ಮುಚ್ಚಿಸಿ, ಚೌಕಟ್ಟನ್ನು ಮೊಣಕಾಲಿನಿಂದ ಒತ್ತು ಅಂದೆ. ಒತ್ತಿದಾಗ ಬಾಗಿಲಷ್ಟೇ ಅಲ್ಲ, ಚೌಕಟ್ಟೇ ಅಲ್ಲಾಡಿತು. ಚೌಕಟ್ಟು ಮತ್ತು ಪ್ಲಾಸ್ಟರ್ ನಡುವಿನ ಬಿರುಕು ಉಸಿರಾಡಿದ ಹಾಗೆ ತೆರೆದು ಮುಚ್ಚಿತು. ಅವನು ತಿರುಗಿ ನನ್ನ ಮುಖ ನೋಡಿದ. ಆ ಸಂಜೆಯೇ ಆರ್ಡರ್ ರದ್ದು ಮಾಡಿದ. ಸ್ಮಾರ್ಟ್ ಲಾಕ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಗೋಡೆಯಿಂದ ಬಿಟ್ಟುಬಂದ ಚೌಕಟ್ಟಿಗೆ ಯಾವ ಬೀಗ ಹಾಕಿದರೂ ಅದು ಸಡಿಲ ಹಲ್ಲಿಗೆ ಬಂಗಾರದ ಕವಚ ಹಾಕಿದಂತೆ.

ಚೌಕಟ್ಟು ಬಿಚ್ಚಿದಾಗ

ಬಡಗಿ ಸುತ್ತಲಿನ ಪಟ್ಟಿ ಬಿಚ್ಚಿದ ಮೇಲೆ ಕಾರಣ ಕಾಣಿಸಿತು. ಚೌಕಟ್ಟನ್ನು ಗೋಡೆಗೆ ಹಿಡಿದಿಡುವುದು ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಪಟ್ಟಿಗಳು. ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು ಇರುತ್ತವೆ. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಗೋಡೆಯೊಳಗಿನ ಕಾಂಕ್ರೀಟಿಗೆ. ಇಲ್ಲಿ ಬೀಗದ ಬದಿಯ ಗೋಡೆಯ ಹಿಂದೆ ಬಾತ್‌ರೂಮ್ ಇತ್ತು. ವರ್ಷಗಟ್ಟಲೆ ತೇವ ಹೀರಿ ಹೋಲ್ಡ್‌ಫಾಸ್ಟ್‌ಗಳು ತುಕ್ಕಿನ ಪುಡಿಯಾಗಿದ್ದವು. ಕೈಯಿಂದ ಮುಟ್ಟಿದರೆ ಪದರ ಪದರವಾಗಿ ಉದುರುತ್ತಿತ್ತು. ಕೀಲಿನ ಬದಿ, ಅಂದರೆ ಬಾಗಿಲು ತಿರುಗುವ ಹಿಂಜುಗಳಿರುವ ಬದಿ, ಅಷ್ಟು ಕೆಟ್ಟಿರಲಿಲ್ಲ. ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿಗೆ ಕಟ್ಟಡ ಕಟ್ಟುವಾಗಲೇ ಸಿಮೆಂಟ್ ಚೀಲದ ಕಾಗದ ತುರುಕಿ ಮೇಲೆ ಪ್ಲಾಸ್ಟರ್ ಬಳಿದಿದ್ದರು. ಹಳೇ ಕಟ್ಟಡಗಳಲ್ಲಿ ಇದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಈಗ ಎರಡು ದಾರಿ. ಒಂದು, ಎಲ್ಲ ಕಿತ್ತು ಸ್ಟೀಲ್ ಚೌಕಟ್ಟು, ಸ್ಟೀಲ್ ಬಾಗಿಲು ಹಾಕುವುದು. ಎರಡು, ಇದ್ದ ಬಾಗಿಲನ್ನೇ ಉಳಿಸಿ ಬೀಗದ ಬದಿಯ ಕಂಬ ಬದಲಿಸಿ ಗೋಡೆಗೆ ಹೊಸದಾಗಿ ಬಿಗಿಯುವುದು. ಯಜಮಾನರಿಗೆ ಮೊದಲನೆಯದರ ಮೇಲೆ ಮನಸ್ಸಿತ್ತು. ನಾನು ಎರಡನೆಯದನ್ನು ಒತ್ತಿ ಹೇಳಿದೆ. ಬಾಗಿಲನ್ನು ಬಡಿದು ನೋಡಿದ್ದೆ, ಒಳಗೆ ಟೊಳ್ಳಿರಲಿಲ್ಲ. ಮೇಲಾಗಿ, ಗೋಡೆಯ ಆ ಭಾಗ ಸರಿಮಾಡದೆ ಸ್ಟೀಲ್ ಚೌಕಟ್ಟು ಕೂರಿಸಿದರೂ ಅದು ಅದೇ ಪುಡಿ ಇಟ್ಟಿಗೆಯನ್ನೇ ಹಿಡಿದು ನಿಲ್ಲಬೇಕು.

ಮಗ ವಿಡಿಯೋಗಳಲ್ಲಿ ನೋಡಿ ಮೂರು ಇಂಚಿನ ಸ್ಕ್ರೂ ಹಾಕಿಸಿದರೆ ಸಾಕಲ್ವಾ ಎಂದು ಕೇಳಿದ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಅದು ಅಮೆರಿಕದ ಕಡೆಯ ಮನೆಗಳಿಗೆ ಸರಿ. ಅಲ್ಲಿ ಗೋಡೆಯೊಳಗೇ ಮರದ ಕಂಬಗಳಿರುತ್ತವೆ, ಉದ್ದ ಸ್ಕ್ರೂ ಚೌಕಟ್ಟು ದಾಟಿ ಆ ಮರವನ್ನು ಕಚ್ಚುತ್ತದೆ. ನಮ್ಮಲ್ಲಿ ಚೌಕಟ್ಟಿನ ಹಿಂದೆ ಇರುವುದು ಇಟ್ಟಿಗೆ. ನಮ್ಮ ಚೌಕಟ್ಟಿನ ಮರವೇ ಎರಡೂವರೆ ಇಂಚು ದಪ್ಪ. ಮೂರು ಇಂಚಿನ ಸ್ಕ್ರೂ ಅದನ್ನು ದಾಟಿ ಇಟ್ಟಿಗೆಯನ್ನು ಮುಟ್ಟುತ್ತದೆ, ಹಿಡಿಯುವುದಿಲ್ಲ. ಇಲ್ಲಿ ಬೇಕಾದದ್ದು ಕವಚವಿರುವ ಆಂಕರ್. ಬಿಗಿದಾಗ ಗೋಡೆಯೊಳಗೆ ಅರಳಿ ಕಚ್ಚಿಕೊಳ್ಳುವಂಥದ್ದು.

ರವಿವಾರ ಪೇಠೆಯ ಬೋಹರಿ ಆಳಿಗೆ ಹೋಗಿ ಸಾಮಾನು ತಂದೆವು. ಬೀಗದ ಅಂಗಡಿಯಲ್ಲಿ ಒಂದು ಮುಖ್ಯ ತೀರ್ಮಾನ ಆಯಿತು. ಒಳಗಿನಿಂದಲೂ ಕೀಲಿಯಿಂದಲೇ ತೆರೆಯುವ ಬೀಗ ಹಾಕಿ, ಜಾಸ್ತಿ ಭದ್ರ ಅಂತ ಅಂಗಡಿಯವರು ಹೇಳಿದರು. ನಾನು ಬೇಡವೇ ಬೇಡ ಅಂದೆ. ರಾತ್ರಿ ಬೆಂಕಿ ಹತ್ತಿದರೆ, ಹೊಗೆ ತುಂಬಿದರೆ, ಕತ್ತಲಲ್ಲಿ ಎಪ್ಪತ್ತು ದಾಟಿದ ಮನುಷ್ಯ ಕೀಲಿ ಹುಡುಕುತ್ತಾ ನಿಲ್ಲಬೇಕೇ? ಒಳಗಿನಿಂದ ಒಂದೇ ಕೈಯಲ್ಲಿ, ಕೀಲಿ ಇಲ್ಲದೆ ತೆರೆಯಬೇಕು. ಈ ಒಂದು ವಿಷಯದಲ್ಲಿ ನಾನು ಯಾವ ಮನೆಯಲ್ಲೂ ರಾಜಿ ಮಾಡಿಕೊಳ್ಳುವುದಿಲ್ಲ.

ಬಾಗಿಲೊಳಗೆ ಕೊರೆದು ಕೂರಿಸುವ ಮಾರ್ಟಿಸ್ ಲಾಕನ್ನೂ ಬಿಟ್ಟೆವು. ಇಷ್ಟು ತೆಳುವಾದ ಬಾಗಿಲಿನಲ್ಲಿ ಅದಕ್ಕೆ ಗೂಡು ಕೊರೆದರೆ ಎರಡೂ ಕಡೆ ಉಳಿಯುವ ಮರ ತೀರಾ ತೆಳು. ಭದ್ರ ಬೇಕಾದ ಜಾಗವೇ ದುರ್ಬಲವಾಗುತ್ತದೆ. ಒಳಮೈಗೆ ಕೂರುವ, ಮೂರು ದಪ್ಪ ಸರಳು ಹೊರಬರುವ ಲಾಕ್ ತಗೊಂಡೆವು. ಅದನ್ನು ಸ್ಕ್ರೂ ಬದಲು ಬಾಗಿಲನ್ನು ಆಚೆಯಿಂದ ಈಚೆಗೆ ದಾಟುವ ಬೋಲ್ಟ್‌ನಿಂದ ಬಿಗಿಸಿದೆವು. ಬೋಲ್ಟಿನ ತಲೆ ಹೊರಗೆ ನುಣ್ಣಗೆ ದುಂಡಗೆ, ನಟ್ಟು ಒಳಗೆ. ಹೊರಗಿನಿಂದ ಸ್ಕ್ರೂಡ್ರೈವರ್ ಹಾಕಲು ಏನೂ ಸಿಗಬಾರದು.

ಕೆಲಸ ನಡೆದ ಬಗೆ

ಒಂದೇ ಸಲಕ್ಕೆ ಎರಡೂ ಬದಿ ಬಿಚ್ಚಲಿಲ್ಲ. ರಾತ್ರಿ ಬಾಗಿಲಿಲ್ಲದ ಮನೆಯಲ್ಲಿ ಅಜ್ಜಿಯನ್ನು ಮಲಗಿಸುವ ಮಾತೇ ಇರಲಿಲ್ಲ. ಮೊದಲು ಕೀಲಿನ ಬದಿ. ಒಂದೊಂದು ಕೀಲಿನ ಪಕ್ಕ ಒಂದೊಂದು ಆಂಕರ್. ಹತ್ತು ಮಿಲಿಮೀಟರ್ ದಪ್ಪ, ಚೌಕಟ್ಟು ದಾಟಿ ಗೋಡೆಯೊಳಗೆ ಎರಡೂವರೆ ಇಂಚಾದರೂ ಹೋಗುವಷ್ಟು ಉದ್ದ. ತೂತು ಇಟ್ಟಿಗೆಯ ನಡುವಿಗೇ ಬೀಳಬೇಕು, ಗಾರೆಯ ಸಂದಿಗೆ ಬಿದ್ದರೆ ಹಿಡಿತ ಇಲ್ಲ. ಕೀಲಿನ ಹಳೇ ಒಂದು ಇಂಚಿನ ಸ್ಕ್ರೂ ತೆಗೆದು ಎರಡು ಇಂಚಿನವು ಹಾಕಿದೆವು.

ಆಮೇಲೆ ಬೀಗದ ಬದಿ. ಬಾತ್‌ರೂಮಿನ ಸೋರಿಕೆ ಮೊದಲು ನಿಲ್ಲಿಸಬೇಕಾಯಿತು, ಇಲ್ಲದಿದ್ದರೆ ಹೊಸ ಕಬ್ಬಿಣಕ್ಕೂ ಹಳೇ ಗತಿಯೇ. ಪುಡಿ ಇಟ್ಟಿಗೆ ತೆಗೆದು, ಹೊಸ ಸಾಗವಾನಿ ಕಂಬಕ್ಕೆ ಹೋಲ್ಡ್‌ಫಾಸ್ಟ್ ಬಡಿದು, ಗೂಡುಗಳಿಗೆ 1:2:4 ಕಾಂಕ್ರೀಟ್ (ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ) ತುಂಬಿದೆವು. ಒಂದು ವಾರ ನೀರು ಚಿಮುಕಿಸುವ ಕೆಲಸ ಅಜ್ಜಿಯೇ ವಹಿಸಿಕೊಂಡರು. ಆ ವಾರ ಮೇಲೆ ಕೆಳಗೆ ಅಡ್ಡಪಟ್ಟಿ ಕೊಟ್ಟು ಬಾಗಿಲನ್ನು ಒಳಗಿನಿಂದ ಬಿಗಿದಿದ್ದೆವು. ಮನೆಯಲ್ಲಿ ಯಾರಾದರೂ ಒಬ್ಬರು ಇರಲೇಬೇಕಿತ್ತು.

ಎಲ್ಲಕ್ಕಿಂತ ಮುಖ್ಯ ಕೆಲಸ ಕೊನೆಯಲ್ಲಿ. ಲಾಕಿನ ಸರಳುಗಳು ಹೋಗಿ ಕೂರುವ ಜಾಗದಲ್ಲಿ ಅಂಗೈಯಷ್ಟು ತಗಡಿನ ಬದಲು ಮೂರು ಅಡಿ ಉದ್ದ, 40 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಸರಳಿಗೆ ಸರಿಯಾಗಿ ತೂತು ಹೊಡೆಸಿ, ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಳಿದು, ಮರದಲ್ಲಿ ಮಟ್ಟವಾಗಿ ಇಳಿಸಿದೆವು. ಪಟ್ಟಿ, ಮರ, ಗೋಡೆ ಮೂರನ್ನೂ ಸೇರಿಸಿ ಆಂಕರ್ ಬಿಗಿಯಿತು. ಈಗ ಯಾರಾದರೂ ಒದ್ದರೆ ಏಟು ಒಂದು ಸ್ಕ್ರೂ ಮೇಲೆ ಬೀಳುವುದಿಲ್ಲ, ಮೂರು ಅಡಿ ಗೋಡೆಗೆ ಹಂಚಿಹೋಗುತ್ತದೆ. ಕೊನೆಯಲ್ಲಿ ಬಾಗಿಲು ಮತ್ತು ಚೌಕಟ್ಟಿನ ನಡುವಿನ ಸಂದಿಯನ್ನು ಸಲಾಕೆಯ ತುದಿ ಹೋಗದಷ್ಟು ಕಿರಿದು ಮಾಡಿಸಿದೆವು.

ಹೊರಗಿನ ಆಲ್‌ಡ್ರಾಪ್ ಪೂರ್ತಿ ಬಿಚ್ಚಿಸಿದೆವು. ಯಜಮಾನರು ಒಪ್ಪಲು ಎರಡು ದಿನ ತಗೊಂಡರು. ಹೊರಗೆ ಬೀಗ ನೇತಾಡಿದರೆ ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಬೋರ್ಡು ಹಾಕಿದ ಹಾಗೇ ಅಲ್ವಾ? ಎದುರು ಮನೆಯವರು ಒಳಗೇ ಸಿಕ್ಕಿಬಿದ್ದದ್ದು ನೆನಪಿಸಿದ ಮೇಲೆ ಒಪ್ಪಿದರು.

ಮುಖ್ಯ ಬಾಗಿಲಿನ ಹೊರಗೆ ಸೇಫ್ಟಿ ಡೋರ್ ಎಂಬ ಜಾಲರಿ ಬಾಗಿಲು ಕೂಡ ಹಾಕಿಸಿದರು. ಅದರ ಉಪಯೋಗ ಕಳ್ಳನನ್ನು ತಡೆಯುವುದಕ್ಕಿಂತ, ಬಂದವರ ಜೊತೆ ಬಾಗಿಲು ತೆರೆಯದೆ ಮಾತಾಡುವುದಕ್ಕೇ ಜಾಸ್ತಿ. ಹಗಲು ಇಬ್ಬರೇ ಇರುವ ವಯಸ್ಸಾದವರಿಗೆ ಇದು ದೊಡ್ಡ ಧೈರ್ಯ. ಅದು ಹೊರಕ್ಕೆ ತೆರೆಯುವುದರಿಂದ ಮೆಟ್ಟಿಲ ದಾರಿಗೆ ಅಡ್ಡ ಬರುತ್ತದೆ ಅಂತ ಸೊಸೈಟಿಯ ಕಾರ್ಯದರ್ಶಿ ತಕರಾರು ತೆಗೆದರು. ತಕರಾರು ನ್ಯಾಯವಾಗಿಯೇ ಇತ್ತು. ಕೀಲುಗಳನ್ನು ಇನ್ನೊಂದು ಬದಿಗೆ ಹಾಕಿಸಿ, ತೆರೆದಾಗ ಗೋಡೆಗೆ ಒರಗಿ ನಿಲ್ಲುವ ಹಾಗೆ ಮಾಡಿದ ಮೇಲೆ ಒಪ್ಪಿಗೆ ಸಿಕ್ಕಿತು. ಚೌಕಟ್ಟಿನ ಕೆಲಸಕ್ಕೆ ಆದ ಖರ್ಚು ಈ ಸೇಫ್ಟಿ ಡೋರಿನದ್ದಕ್ಕಿಂತ ಕಡಿಮೆ.

ಜುಲೈನಲ್ಲಿ ಆದದ್ದು

ಆ ಬಾಗಿಲನ್ನು ಮೀಟಲು ಆಮೇಲೆ ಯಾರೂ ಬಂದಿಲ್ಲ. ಹಾಗಾಗಿ ಕಳ್ಳನ ಎದುರು ಅದು ನಿಂತಿತು ಅಂತ ನಾನು ಬರೆಯಲಾರೆ. ಆದರೆ ಅದರ ಬಲದ ಪರೀಕ್ಷೆ ಬೇರೆ ರೀತಿ ಆಯಿತು.

ಮಳೆಗಾಲದ ಒಂದು ಬೆಳಿಗ್ಗೆ ಸೊಸೆ ಕಸದ ಬಕೆಟ್ ಹಿಡಿದು ಹೊರಗೆ ಬಂದಳು. ಅಜ್ಜಿ ಕೆಳಗೆ ಹೂವಿನವಳ ಹತ್ತಿರ ಇದ್ದರು. ಯಜಮಾನರು ಡಾಕ್ಟರ ಬಳಿ ಹೋಗಿದ್ದರು. ಮೊಮ್ಮಗ ಆಟವಾಡುತ್ತಾ ಬಾಗಿಲು ದೂಡಿ ಒಳಗಿನ ಚಿಲಕ ಸರಿಸಿಬಿಟ್ಟ. ಯಜಮಾನರ ಭುಜದ ನೋವಿಗಾಗಿ ಆ ಚಿಲಕವನ್ನು ಸೊಂಟದ ಎತ್ತರಕ್ಕೆ ಹಾಕಿಸಿದ್ದರು. ಒಳಗೆ ಒಲೆಯ ಮೇಲೆ ಹಾಲು ಇತ್ತು.

ಸೊಸೆಯ ಕೂಗಿಗೆ ಕಟ್ಟಡದ ಗಂಡಸರೆಲ್ಲ ಓಡಿ ಬಂದು ಭುಜ ಕೊಟ್ಟು ದೂಡಿದರು. ಬಾಗಿಲು ಕದಲಲಿಲ್ಲ. ಜನವರಿಯಲ್ಲಿ ಒಂದೆರಡು ಮೀಟಿಗೆ ತೆರೆದುಕೊಂಡ ಅದೇ ಬಾಗಿಲು. ಒಳಗೆ ಮಗು ಅಳುತ್ತಿದೆ. ಹಾಲು ಉಕ್ಕಿದ ವಾಸನೆ, ಅದರ ಹಿಂದೆಯೇ ಗ್ಯಾಸ್ ವಾಸನೆ. ಯಾರೋ 101ಕ್ಕೆ ಫೋನ್ ಮಾಡಿದರು.

ಅಜ್ಜಿ ಮೇಲೆ ಬಂದವರೇ ಎಲ್ಲರನ್ನೂ ತಡೆದರು. "ನೀವೆಲ್ಲಾ ದೂಡೂದು ಬಿಡ್ರಿ ಮೊದಲ. ಹಿಡಿಕಿ ಹಿಡದು ಈ ಕಡಿಗಿ ಎಳೀರಿ" ಅಂದರು. ಹೊರಗಿನಿಂದ ದೂಡಿದಷ್ಟೂ ಚಿಲಕ ತನ್ನ ತೂತಿನಲ್ಲಿ ಬಿಗಿಯಾಗಿ ಕೂರುತ್ತಿತ್ತು. ನಾಲ್ಕು ವರ್ಷದ ಕೈಗೆ ಅದು ಹೇಗೆ ಸರಿದೀತು? ಹಿಡಿಕೆ ಹಿಡಿದು ಬಾಗಿಲನ್ನು ಹೊರಕ್ಕೆ ಎಳೆದುಕೊಂಡಾಗ ಚಿಲಕ ಸಡಿಲವಾಯಿತು. "ಪುಟ್ಟಾ, ಅಳಬ್ಯಾಡ. ಎರಡೂ ಕೈಲೆ ಹಿಡದು ಎಳಿ" ಅಂತ ಬಾಗಿಲಿಗೆ ಬಾಯಿ ಹಚ್ಚಿ ಹೇಳುತ್ತಾ ಹೋದರು. ಚಿಲಕ ಸರಿಯಿತು. ಸೊಸೆ ಒಳಗೆ ಓಡಿ ಗ್ಯಾಸ್ ಬಂದ್ ಮಾಡಿ, ಕಿಟಕಿಗಳನ್ನು ತೆರೆದಳು. ಲೈಟಿನ ಸ್ವಿಚ್, ಫ್ಯಾನಿನ ಸ್ವಿಚ್ ಯಾರೂ ಮುಟ್ಟಬೇಡಿ ಅಂತ ಕೂಗಿ ಹೇಳಿದಳು. ಮಗುವಿಗೆ ಏನೂ ಆಗಿರಲಿಲ್ಲ.

ಈ ಪ್ರಕರಣದಲ್ಲಿ ಕಳ್ಳತನಕ್ಕಿಂತ ಹೆಚ್ಚಾಗಿ ಈ ಬೆಳಗಿನ ಬಗ್ಗೆ ಎಲ್ಲರೂ ಯೋಚಿಸಬೇಕು ಅಂತ ನನ್ನ ಅಭಿಪ್ರಾಯ. ಬಾಗಿಲು ಗಟ್ಟಿ ಮಾಡಿದಾಗ ಅದು ನಮಗೂ ಗಟ್ಟಿಯೇ. ಮೊದಲಾದರೆ ಒಂದು ಒದೆತಕ್ಕೆ ಒಳಗೆ ಹೋಗಬಹುದಿತ್ತು. ಇನ್ನು ಆಗುವುದಿಲ್ಲ. ಹಾಗಾದರೆ ಒಳಗೆ ಮಗುವೋ, ಬಿದ್ದ ಹಿರಿಯರೋ ಇದ್ದಾಗ ಹೊರಗಿನವರು ಒಳಗೆ ಬರುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೆಲಸ ಶುರುವಾಗುವ ಮೊದಲೇ ಸಿಕ್ಕಿರಬೇಕು.

ಚಿಲಕವನ್ನು ಮೇಲಕ್ಕೆ ಹಾಕಿಸೋಣ ಎಂದು ಮಗ ಹೇಳಿದ. ಮೇಲೆ ಹಾಕಿದರೆ ಯಜಮಾನರ ಕೈ ಏಳುವುದಿಲ್ಲ, ಕೆಳಗೆ ಹಾಕಿದರೆ ಮಗುವಿಗೆ ಸಿಗುತ್ತದೆ. ಕೊನೆಗೆ ಚಿಲಕವನ್ನೇ ತೆಗೆಸಿದೆವು. ಹೊಸ ಲಾಕ್ ಒಳಗಿನಿಂದ ಗುಬಟು ತಿರುಗಿಸಿದರೆ ಬೀಳುತ್ತದೆ, ಹೊರಗಿನಿಂದ ಕೀಲಿಯಿಂದ ತೆರೆಯುತ್ತದೆ. ರಾತ್ರಿಗೆ ಅಷ್ಟೇ ಸಾಕು. ಒಂದು ಮಾತು ಮಾತ್ರ ನೋಡಿಕೊಳ್ಳಬೇಕು: ಕೆಲವು ಲಾಕ್‌ಗಳಲ್ಲಿ ಒಳಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಸರಿಸಿದರೆ ಹೊರಗಿನ ಕೀಲಿ ಕೆಲಸ ಮಾಡುವುದಿಲ್ಲ. ಅಂಥದ್ದು ಮಕ್ಕಳಿರುವ ಮನೆಗೆ ಬೇಡ. ಒಂದು ಕೀಲಿ ಎರಡನೇ ಮಹಡಿಯ ಮನೆಯಲ್ಲಿದೆ. ಯಜಮಾನರು ದೀಪ ಆರಿಸಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಬಾಗಿಲು ತೆರೆದು ತೋರಿಸಿದ ಮೇಲೆಯೇ ನಾನು ಕೆಲಸ ಮುಗಿಯಿತು ಅಂದೆ.

ಅಜ್ಜಿಗೆ ಈಗ ನಿದ್ದೆ ಬರುತ್ತದೆ. ಊರಿಗೆ ಹೋಗುವಾಗ ಕೆಳಗಿನ ಮನೆಯವರಿಗೂ ಪೊಲೀಸ್ ಚೌಕಿಗೂ ಹೇಳಿ ಹೋಗುತ್ತಾರೆ, ಹಾಲು ಪೇಪರ್ ನಿಲ್ಲಿಸುತ್ತಾರೆ.

ಎದುರು ಮನೆಯವರೂ ಹೊರಗಿನ ಆಲ್‌ಡ್ರಾಪ್ ಬಿಚ್ಚಿಸಿ ತೂತು ಮುಚ್ಚಿಸಿದ್ದಾರೆ. ಅವರ ಚೌಕಟ್ಟೂ ಒತ್ತಿದರೆ ಅಲ್ಲಾಡುತ್ತದೆ. ಕೆಲಸ ದೀಪಾವಳಿಯ ಮೇಲೆ ಇಟ್ಟುಕೊಳ್ಳಿ ಅಂದಿದ್ದೇನೆ. ಮಳೆಯಲ್ಲಿ ಉಬ್ಬಿದ ಮರಕ್ಕೆ ಅಳತೆ ಹಿಡಿದು ಲಾಕ್ ಕೂರಿಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಮತ್ತೆ ಸಂದಿ ಬಿಡುತ್ತದೆ.